ಹೊಟ್ಟಿನ ಬೂದಿಯೂ ರಸಾಯನ ವಿಜ್ಞಾನಿಯ ವೃತ್ತಿಜೀವನವೂ

ಕೃಷ್ಣರಾಜನಗರದ ಅಕ್ಕಿ ಗಿರಣಿಗಳ ಹಿಂಬದಿಯಲ್ಲಿ ರಾಶಿ ಬೀಳುವ ಬೂದಿಗೆ ಬೆಲೆಯಿದೆಯೆಂಬುದು ಹೊಸ ಸುದ್ದಿಯೇನಲ್ಲ. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಹೊಟ್ಟು. ಹೊಟ್ಟನ್ನು ಉರಿಸಿದರೆ ಅದರಲ್ಲಿಯೂ ಸುಮಾರು ಐದನೆಯ ಒಂದು ಪಾಲು ಬೂದಿ. 100 ಟನ್ ಭತ್ತಕ್ಕೆ 4 ಟನ್ ಬೂದಿಯೆಂದು ಲೆಕ್ಕವಿಟ್ಟರೆ, ಚೆನ್ನಾಗಿ ಉರಿದ ಬೂದಿಯಲ್ಲಿ 3 ಟನ್‌ಗೂ ಮಿಕ್ಕಿ ಸಿಲಿಕಾ ಇರುತ್ತದೆ. ಟೈರು, ಪಾದರಕ್ಷೆಯ ಅಟ್ಟೆ, ಬಣ್ಣ, ಹಲ್ಲುಜ್ಜುವ ಪೇಸ್ಟು ಮುಂತಾದವುಗಳಿಗೆ ಬೇಕಾದ ಪದಾರ್ಥವಿದು. ಅಮೆರಿಕದ ಗುಡ್‌ಇಯರ್ ಕಂಪೆನಿಯು ಹೊಟ್ಟಿನ ಬೂದಿಯಿಂದ ತೆಗೆದ ಸಿಲಿಕಾವನ್ನು ಟೈರುಗಳಲ್ಲಿ ಬಳಸುವುದಾಗಿ 2014ರಲ್ಲಿಯೇ ಪ್ರಕಟಿಸಿತು.

ವಿಧಾನವನ್ನು ಅರಸಿಕೊಂಡು ನಾವು ವಿದೇಶಕ್ಕೆ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಹನ ಪ್ರಯೋಗಾಲಯದ ತಂಡವೊಂದು 2000ರ ದಶಕದಲ್ಲಿ ಅದನ್ನು ರೂಪಿಸಿತು. ಬೂದಿಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕುದಿಸಿದರೆ ಸಿಲಿಕಾ ಕರಗಿ ಸೋಡಿಯಂ ಸಿಲಿಕೇಟ್ ಆಗುತ್ತದೆ. ಕರಿಯನ್ನು ಸೋಸಿ ತೆಗೆದು, ದ್ರಾವಣಕ್ಕೆ ಇಂಗಾಲಾಮ್ಲ ಅನಿಲವನ್ನು ಹಾಯಿಸಿದಾಗ ಬಿಳಿಯ ಸಿಲಿಕಾ ತಳಕ್ಕಿಳಿಯುತ್ತದೆ. ಉಳಿದ ಸೋಡಾಕ್ಕೆ ಸುಣ್ಣ ಬೆರೆಸಿದರೆ ಕಾಸ್ಟಿಕ್ ಸೋಡಾ ಮರಳಿ ದೊರೆಯುವುದರಿಂದ ಖರ್ಚು ಹಿಡಿತದಲ್ಲಿರುತ್ತದೆ.

ಹಾಗಾದರೆ ಅಡ್ಡಿಯೆಲ್ಲಿ? ನಮ್ಮ ಅಭಿಪ್ರಾಯದಲ್ಲಿ, ವಿಧಾನವನ್ನು ಕಂಡುಹಿಡಿದವನು ಗಿರಣಿಯ ಅಂಗಳದಲ್ಲಿ ಒಂದೆರಡು ವರ್ಷ ನಿಲ್ಲುವ ವ್ಯವಸ್ಥೆ ನಮ್ಮಲ್ಲಿಲ್ಲ. ಪದಾರ್ಥ ರಸಾಯನ ವಿಜ್ಞಾನಿಯ ಬಡ್ತಿಗೆ ಮೊದಲು ಎಣಿಕೆಯಾಗುವುದು ಆತನ ಪ್ರಬಂಧಗಳು. ಕುಲುಮೆಯ ಶಾಖವನ್ನು ಸರಿಪಡಿಸಲು ಕಳೆದ ಆರು ತಿಂಗಳು ಆ ಎಣಿಕೆಯಲ್ಲಿ ಶೂನ್ಯಕ್ಕೆ ಸಮ. ಇಂತಹ ಲೆಕ್ಕಾಚಾರದಲ್ಲಿ ವಿವೇಕಿಯಾದ ಯುವ ವಿಜ್ಞಾನಿ ಗಿರಣಿಯ ಕಡೆಗೆ ತಲೆಹಾಕದಿದ್ದರೆ ಅವನನ್ನು ದೂಷಿಸಲಾಗದು.

ಈ ಲೆಕ್ಕವನ್ನು ಮೀರಿ ನಡೆದವರೂ ಇದ್ದಾರೆ. ಬೆಂಗಳೂರಿನಲ್ಲಿ 1930ರಲ್ಲಿ ಜನಿಸಿದ ಅಮೂಲ್ಯ ಕೆ.ಎನ್. ರೆಡ್ಡಿಯವರು ವಿದ್ಯುತ್ ರಸಾಯನ ವಿಜ್ಞಾನದಲ್ಲಿ ಜಗತ್ತಿನ ಮನ್ನಣೆ ಗಳಿಸಿದವರು. ಬೊಕ್ರಿಸ್ ಅವರೊಡನೆ ಬರೆದು 1970ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳ ಪಠ್ಯವು ವಿಶ್ವವಿದ್ಯಾನಿಲಯಗಳಲ್ಲಿ ನೆಲೆಗೊಂಡಿತ್ತು. ಅದೇ ದಾರಿಯಲ್ಲಿ ಮುಂದುವರಿದಿದ್ದರೆ ಯಾವ ಗೌರವಕ್ಕೂ ಕೊರತೆಯಿರಲಿಲ್ಲ. ಆದರೆ ಅವರು 1974ರಲ್ಲಿ ವಿಜ್ಞಾನ ಸಂಸ್ಥೆಯೊಳಗೇ 'ಅಸ್ತ್ರ' ಕೇಂದ್ರವನ್ನು ಕಟ್ಟಿ ಹಳ್ಳಿಗಳತ್ತ ಹೊರಳಿದರು. ಆ ಕೇಂದ್ರದಲ್ಲಿ ರೂಪುಗೊಂಡ 'ಅಸ್ತ್ರ ಒಲೆ' ಸೌದೆಯನ್ನೂ ಹೊಗೆಯನ್ನೂ ಕಡಿಮೆ ಮಾಡಿತು. ಅದು ಮನೆಮನೆ ತಲುಪಿದ್ದು ನಕ್ಷೆಯಿಂದ ಮಾತ್ರವೇ ಅಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಒಲೆ ಕಟ್ಟುವವರಿಗೆ ತರಬೇತಿ ನೀಡಿತು. ಅಳತೆ ತಪ್ಪಿದರೆ ಒಲೆಯ ಗುಣವೂ ಕೆಡುತ್ತದೆಂಬುದನ್ನು ಕೈಯಾರೆ ತೋರಿಸಿಕೊಡಬೇಕಾಗಿತ್ತು. 2006ರಲ್ಲಿ ರೆಡ್ಡಿಯವರು ನಿಧನರಾದರು. ಅವರಂಥವರ ತ್ಯಾಗಬುದ್ಧಿಯನ್ನು ನಂಬಿ ಉದ್ದಿಮೆ ಕಟ್ಟುವುದು ಮಾತ್ರ ವ್ಯಾಪಾರದ ರೀತಿಯಲ್ಲ, ದುಡಿಮೆಗೆ ವೇತನವಿರಬೇಕು.

ನಮ್ಮ ಮೈಸೂರಿನಲ್ಲಿಯೇ ಸಫಲವಾದ ವರ್ಗಾವಣೆಯೊಂದಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆ, ಅಂದರೆ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಮಹಾಚುನಾವಣೆಯಿಂದ ಅಳಿಸಲಾಗದ ಶಾಯಿಯನ್ನು ಒದಗಿಸುತ್ತ ಬಂದಿದೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ರಸಾಯನ ವಿಜ್ಞಾನಿಗಳು ಸಿಲ್ವರ್ ನೈಟ್ರೇಟ್ ಆಧಾರದ ಸೂತ್ರವನ್ನು ಸಿದ್ಧಪಡಿಸಿದರು. ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮದ ಮೂಲಕ ಅದು ಮೈಸೂರಿಗೆ ಬಂದಿತು. ಕಾರ್ಖಾನೆಗೆ ಬಣ್ಣ ತಯಾರಿಕೆಯ ಅನುಭವ ಮೊದಲೇ ಇತ್ತು, ಕೊಳ್ಳುವವರು ಚುನಾವಣಾ ಆಯೋಗವೇ ಆಗಿದ್ದರು. ಇಷ್ಟು ಅನುಕೂಲ ಎಲ್ಲ ಪದಾರ್ಥಕ್ಕೂ ಸಿಗುವುದಿಲ್ಲ. ಸಿಲಿಕಾ ಕೊಳ್ಳುವ ರಬ್ಬರು ಕಾರ್ಖಾನೆಯವರು ಪ್ರತಿ ಲಾರಿಯಲ್ಲಿಯೂ ಒಂದೇ ಗುಣಮಟ್ಟವನ್ನು ಕೇಳುತ್ತಾರೆ.

ತೊಡಕಿರುವುದೂ ಇಲ್ಲಿಯೇ. ಹೊಟ್ಟು ಹದವಾದ ಶಾಖದಲ್ಲಿ, ಸ್ಥೂಲವಾಗಿ 700 ಡಿಗ್ರಿಯೊಳಗೆ ಉರಿದರೆ ಸಿಲಿಕಾ ಸುಲಭವಾಗಿ ಕರಗುವ ರೂಪದಲ್ಲಿ ಉಳಿಯುತ್ತದೆ. ಶಾಖ ಮಿತಿಮೀರಿದರೆ ಅದು ಹರಳುಗಟ್ಟಿ, ಕಾಸ್ಟಿಕ್ ಸೋಡಾಕ್ಕೂ ಬೇಗನೆ ಜಗ್ಗುವುದಿಲ್ಲ. ಅಂತಹ ಧೂಳು ಕೆಲಸಗಾರರ ಶ್ವಾಸಕೋಶಕ್ಕೂ ಅಪಾಯಕಾರಿ. ಕುಸುಬಲಕ್ಕಿ ಬೇಯಿಸುವ ಬಾಯ್ಲರಿನ ಕುಲುಮೆಯನ್ನು ನಡೆಸುವಾತನಿಗೆ ಬೇಕಾದದ್ದು ಉಗಿ. ಬೂದಿಯ ಗುಣ ಅವನ ಚಿಂತೆಯಲ್ಲ. ಉಗಿಯೂ ಕೆಡದಂತೆ, ಬೂದಿಯೂ ಕೆಡದಂತೆ ಕುಲುಮೆಯನ್ನು ನಡೆಸುವುದನ್ನು ಪ್ರಬಂಧ ಓದಿ ಕಲಿಯಲಾಗದು. ಬಿಡಿ ಗಿರಣಿಯೊಂದು ಸಿಲಿಕಾ ಘಟಕವನ್ನು ಹಾಕುವುದೂ ಲಾಭದಾಯಕವೆಂದು ನಮಗೆ ತೋರುವುದಿಲ್ಲ.

ಆದುದರಿಂದ ಗಿರಣಿ ಮಾಲೀಕರು ಒಗ್ಗೂಡಿ ಎರಡು ವರ್ಷದ ಮಟ್ಟಿಗೆ ಒಬ್ಬ ರಸಾಯನ ವಿಜ್ಞಾನಿಯ ವೇತನವನ್ನು ಭರಿಸುವುದು ಒಳಿತು. ಮಾನಸಗಂಗೋತ್ರಿಯ ರಸಾಯನ ವಿಭಾಗದೊಡನೆ ಒಪ್ಪಂದ ಮಾಡಿಕೊಂಡು, ಆ ಅವಧಿಯ ಕೆಲಸವನ್ನು ಆತನ ಸೇವಾ ದಾಖಲೆಯಲ್ಲಿ ಪ್ರಬಂಧಗಳಿಗೆ ಸಮನಾಗಿ ಪರಿಗಣಿಸುವಂತೆ ಕೋರಬೇಕು. ವಿಚಾರ ಸಂಕಿರಣಕ್ಕೆ ವಿಜ್ಞಾನಿಗಳನ್ನು ಕರೆದು, ಶಾಲು ಹೊದೆಸಿ, ಊಟ ಹಾಕಿ ಕಳುಹಿಸುವುದರಲ್ಲಿ ನಮ್ಮ ವಾಣಿಜ್ಯ ಸಂಸ್ಥೆಗಳು ಪಳಗಿವೆ. ಆ ಖರ್ಚಿನ ಒಂದಂಶ ಈ ಕಡೆಗೆ ಹರಿದರೂ ಸಾಕು. ಲಾಭ ಬಂದರೆ ವಿಜ್ಞಾನಿಗೂ ವಿಭಾಗಕ್ಕೂ ಪಾಲೆಷ್ಟೆಂಬುದನ್ನು ಮೊದಲೇ ಬರೆದಿಡತಕ್ಕದ್ದು.

ಪ್ರಾರಂಭಕ್ಕೆ ಹೆಚ್ಚಿನ ಬಂಡವಾಳ ಬೇಕಿಲ್ಲ. ಮುಂದಿನ ಸುಗ್ಗಿಯ ಭತ್ತ ಗಿರಣಿಗೆ ಬರುವ ಹೊತ್ತಿಗೆ ಕೃಷ್ಣರಾಜನಗರ, ಸಾಲಿಗ್ರಾಮದ ಪ್ರತಿ ಗಿರಣಿಯಿಂದ ಒಂದೊಂದು ಚೀಲ ಬೂದಿಯನ್ನು ತೆಗೆದು, ಉರಿಸಿದ ದಿನಾಂಕವನ್ನೂ ಕುಲುಮೆಯ ಶಾಖವನ್ನೂ ನಮೂದಿಸಿ ಪರೀಕ್ಷೆಗೆ ಕಳುಹಿಸಬಹುದು. ಯಾವ ಗಿರಣಿಯ ಬೂದಿ ಕರಗುತ್ತದೆ, ಯಾವುದು ಕರಗುವುದಿಲ್ಲವೆಂಬ ಪಟ್ಟಿ ಕೈಗೆ ಬಂದ ಮೇಲೆ ಘಟಕದ ಗಾತ್ರ, ಸ್ಥಳ ಮತ್ತು ಸಾಲದ ಮಾತುಗಳನ್ನು ಆಡಬಹುದಾಗಿದೆ.