ಇಪ್ಪತ್ತು ಪುಟದ ತಾಣಕ್ಕೆ ಡೇಟಾಬೇಸ್ ಯಾಕ್ರೀ?

ದೆಹಲಿ, ನೋಯ್ಡಾ, ಗುರ್‌ಗಾಂವ್ ಕಡೆಯ ಸಣ್ಣಪುಟ್ಟ ಕನ್ನಡ ಬಳಗಗಳ ಅಂತರ್ಜಾಲ ತಾಣಗಳದ್ದು ಹೆಚ್ಚುಕಮ್ಮಿ ಒಂದೇ ಜಾತಕ. ಉತ್ಸಾಹಿ ಹುಡುಗನೊಬ್ಬ ಎರಡು ಭಾನುವಾರ ಕೂತು ವರ್ಡ್‌ಪ್ರೆಸ್ಸೋ ಜೂಮ್ಲಾನೋ ಹಾಕಿಕೊಡುತ್ತಾನೆ. ರಾಜ್ಯೋತ್ಸವದ ದಿನ ವೇದಿಕೆ ಮೇಲೆ ಉದ್ಘಾಟನೆ, ಚಪ್ಪಾಳೆ. ಮರುವರ್ಷ ಅವನಿಗೆ ಬೆಂಗಳೂರಲ್ಲಿ ಕೆಲಸ ಸಿಗುತ್ತೆ, ಪಾಸ್‌ವರ್ಡೂ ಅವನ ಜೊತೆಗೇ ರೈಲು ಹತ್ತುತ್ತೆ. ಆಮೇಲೊಂದು ದಿನ ತೆರೆದರೆ ಬಿಳಿ ಪರದೆ, ಅದರ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಡೇಟಾಬೇಸ್ ಸಿಗುತ್ತಿಲ್ಲ ಅಂತ.

ಇಂಥ ತಾಣದಲ್ಲಿ ಇರೋದಾದ್ರೂ ಏನು? ಪದಾಧಿಕಾರಿಗಳ ಪಟ್ಟಿ, ಯುಗಾದಿ ಕಾರ್ಯಕ್ರಮದ ವರದಿ, ಮಕ್ಕಳ ಕನ್ನಡ ತರಗತಿಯ ವೇಳೆ, ಐವತ್ತು ವರ್ಷದ ಹಿಂದೆ ದೆಹಲಿಗೆ ಬಂದ ಹಿರಿಯರು ಬರೆದುಕೊಟ್ಟ ನೆನಪುಗಳು. ಇಷ್ಟಕ್ಕೆ ಮೈಎಸ್‌ಕ್ಯೂಎಲ್ ಅನ್ನೋ ಆನೆ ಸಾಕಬೇಕಾ?

ಆ ಆನೆಗೆ ಕನ್ನಡ ಅಂದ್ರೆ ಬಹಳ ಕಾಲ ಅಷ್ಟಕ್ಕಷ್ಟೇ ಆಗಿತ್ತು. 2018ರಲ್ಲಿ 8.0 ಆವೃತ್ತಿ ಬರುವವರೆಗೂ ನಾವಾಗಿ ಹೇಳದಿದ್ದರೆ ಅದು ಲ್ಯಾಟಿನ್ ಲಿಪಿಯ ಲೆಕ್ಕದಲ್ಲೇ ಕೆಲಸ ಮಾಡುತ್ತಿತ್ತು. ತಾಣವನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಈ ಹೊಂದಿಕೆ ತಪ್ಪಿದರೆ ಕನ್ನಡವೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ! ಹಾಗೇ ಉಳಿಸಿಬಿಟ್ಟರಂತೂ ಅಕ್ಷರ ವಾಪಸ್ ಬರೋದಿಲ್ಲ. ಜೊತೆಗೆ 2015ರ ಪಿಎಚ್‌ಪಿ 7 ಹಳೇ ಮೈಎಸ್‌ಕ್ಯೂಎಲ್ ಆದೇಶಗಳನ್ನೇ ತೆಗೆದುಹಾಕಿತು. ಅವುಗಳನ್ನೇ ನಂಬಿದ್ದ ತಾಣಗಳು, ನೋಡಿಕೊಳ್ಳೋರಿಲ್ಲದೆ, ಅಲ್ಲಿಗೇ ಮುಗಿದವು.

ಬೇರೆ ದಾರಿ ಇಲ್ಲವೇ ಅಂದ್ರೆ, 2004ರಿಂದಲೂ ಇದೆ. ಆಂಡ್ರಿಯಾಸ್ ಗೋರ್ ಆ ವರ್ಷ ಶುರುಮಾಡಿದ ಡೋಕುವಿಕಿ ಮುಕ್ತ ತಂತ್ರಾಂಶ, ಕಾಸಿಲ್ಲ. ಒಂದು ಪುಟಕ್ಕೆ ಒಂದು ಪಠ್ಯ ಫೈಲು, ಯುನಿಕೋಡಿನಲ್ಲಿ. ತಿದ್ದಿದ ಹಳೇ ಪ್ರತಿಗಳಿಗೆ ಅಟ್ಟ ಅನ್ನೋ ಅರ್ಥದ ಹೆಸರಿನ ಬೇರೆ ಫೋಲ್ಡರು (ನಮ್ಮ ಮನೆಗಳ ಅಟ್ಟಕ್ಕಿಂತ ಅಚ್ಚುಕಟ್ಟು). ಗ್ರಾವ್, ಪೀಕೋ ಕೂಡ ಇದೇ ಜಾತಿ. ಇವಕ್ಕೂ ಸರ್ವರಿನಲ್ಲಿ ಪಿಎಚ್‌ಪಿ ಬೇಕು, ಆಗಾಗ ಹೊಸ ಆವೃತ್ತಿ ಹಾಕಬೇಕು, ಅದು ತಪ್ಪಿದ್ದಲ್ಲ. ಆದರೆ ತಂತ್ರಾಂಶವೇ ಸತ್ತರೂ ಬರಹ ಸಾಯೋದಿಲ್ಲ. ಪೂರ್ತಿ ಫೋಲ್ಡರನ್ನ ಪೆನ್‌ಡ್ರೈವಿಗೆ ಹಾಕಿದರೆ ಸಾಕು, ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ವರ್ಗಾವಣೆಯ ಊರು ಇದು. ಚಾರ್ಜು ಕೊಡೋದು ಇಲ್ಲಿ ಯಾರಿಗೂ ಹೊಸದಲ್ಲ.

ಒಂದು ಮಾತು. ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ್ದನ್ನ ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಿ. ಇಲ್ಲದಿದ್ದರೆ ಫೈಲು ಉಳಿದೀತು, ಓದಲು ಆ ಫಾಂಟು ಹುಡುಕಿಕೊಂಡು ಅಲೆಯಬೇಕು.

ಸಾವಿರಾರು ಸದಸ್ಯರು ಬರೆಯುತ್ತಿದ್ದ ಸಂಪದದಂಥ ತಾಣಕ್ಕೆ ಡೇಟಾಬೇಸ್ ಬೇಕಿತ್ತು, ಒಪ್ಪುತ್ತೇನೆ. ನಮ್ಮ ಬಳಗಗಳಲ್ಲಿ ಬರೆಯೋರು ಮೂರು ಜನ!

“ಈಗ ವಾಟ್ಸಾಪ್ ಗುಂಪು ಇದೆಯಲ್ಲ ಸಾರ್, ತಾಣ ಯಾಕೆ?” ಅನ್ನೋರಿದ್ದಾರೆ. ಮೂರು ವರ್ಷದ ಹಿಂದಿನ ಯುಗಾದಿ ವರದಿಯನ್ನ ಅದರಲ್ಲಿ ಹುಡುಕಿಕೊಡಲಿ, ನೋಡೋಣ.