ಗುಡ್ಡ ಕೊರೆದವರೇ, ಹೂಳಿನ ಲೆಕ್ಕ ಕೊಡಿ

ನವಿ ಮುಂಬೈನ ಬೇಲಾಪುರದಲ್ಲಿ ಜೋರು ಮಳೆ ಹೊಡೆದ ದಿನ ಪಾರ್ಸಿಕ್ ಗುಡ್ಡದ ಬುಡದ ಗಟಾರವನ್ನೊಮ್ಮೆ ಬಗ್ಗಿ ನೋಡಿ. ಕೆಂಗಂದು ರಾಡಿ ನುಗ್ಗಿ ಬರುತ್ತಿರುತ್ತದೆ. ಅದರ ಜೊತೆಗೇ ಜಲ್ಲಿ, ಸಿಮೆಂಟಿನ ಚೂರು, ಪ್ಲಾಸ್ಟಿಕ್ ಚೀಲ. ಗುಡ್ಡದ ಮೈಯೇ ಕರಗಿ ಕಡಲ ಖಾಡಿಯ ಕಡೆ ಹೊರಟಿದೆ. ಇದು ಮಳೆಯ ತಪ್ಪು ಎನ್ನುವವರಿಗೆ ಅದೇ ರಾಡಿಯನ್ನು ಒಂದು ಲೋಟ ಕುಡಿಸಬೇಕು.

ಕಾಡು ಏನು ಮಾಡುತ್ತಿತ್ತು ಗೊತ್ತೇ? ಮಳೆಹನಿಯ ಏಟನ್ನು ಎಲೆ ತಿನ್ನುತ್ತಿತ್ತು. ತರಗೆಲೆ ನೀರಿನ ಓಟ ತಡೆಯುತ್ತಿತ್ತು, ಬೇರು ಮಣ್ಣನ್ನು ಹಿಡಿಯುತ್ತಿತ್ತು. ಇಂಗಿದ ನೀರು ಸೋಸಿಕೊಂಡು, ನಿಧಾನವಾಗಿ ಹಳ್ಳಕ್ಕೆ ಇಳಿಯುತ್ತಿತ್ತು. ಕರೆಂಟ್ ಬೇಡ, ಟೆಂಡರ್ ಬೇಡ, ಕಮಿಷನ್ನೂ ಇಲ್ಲ. ಬಹುಶಃ ಕಾಡು ಮಾಡಿದ ಅಪರಾಧ ಅದೇ!

ಆ ಗುಡ್ಡವನ್ನು ಏನು ಮಾಡಿದಿರಿ? ಕಲ್ಲುಕ್ವಾರಿಗಳಿಗೆ ಕೊಟ್ಟು ವರ್ಷಗಟ್ಟಲೆ ಸಿಡಿಸಿದಿರಿ. ಕಟ್ಟಡಕ್ಕೆಂದು ಇಳಿಜಾರನ್ನು ಕೊರೆದಿರಿ. ಕೊನೆಗೆ ದೇವರನ್ನೂ ಬಿಡಲಿಲ್ಲ. ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೊದ ಜಾಗದಲ್ಲಿ ಮರ ಉರುಳಿಸಿ ಅಕ್ರಮ ಗುಡಿಗಳನ್ನು ಎಬ್ಬಿಸಿದಿರಿ. ಕೊಡಗಿನ ದೇವರಕಾಡಿನಲ್ಲಿ, ಮರಾಠಿ ಹಳ್ಳಿಗಳ ದೇವರಾಯಿಯಲ್ಲಿ ಹಿರಿಯರು ದೇವರ ಹೆಸರು ಹೇಳಿ ಮರ ಉಳಿಸಿದರು. ನೀವು ಅದೇ ಹೆಸರು ಹೇಳಿ ಕೊಡಲಿ ಎತ್ತಿದಿರಿ. ಇದಕ್ಕೆ ಭಕ್ತಿಯೆಂಬ ಹೆಸರು ಬೇರೆ ಕೇಡು. ಜಾಗ ಹೊಡೆಯುವ ದಂಧೆ ಎನ್ನಿ, ಸಾಕು.

ಈ ನಗರದ ಸಾಕಷ್ಟು ಭಾಗ ನಿಂತಿರುವುದು ತಗ್ಗು ಜವುಗಿನ ಮೇಲೆ. 1970ರಲ್ಲಿ ಹುಟ್ಟಿದ ಸಿಡ್ಕೊ ಅದಕ್ಕಾಗಿಯೇ ಖಾಡಿಯಂಚಿನಲ್ಲಿ ಹೋಲ್ಡಿಂಗ್ ಪಾಂಡ್‌ಗಳನ್ನು ಮಾಡಿತು. ಉಬ್ಬರದ ಹೊತ್ತಿಗೆ ಬಾಗಿಲು ಮುಚ್ಚಿಕೊಂಡು ಊರಿನ ಮಳೆನೀರು ಕೊಳದಲ್ಲಿ ನಿಲ್ಲಬೇಕು, ಇಳಿತವಾದಾಗ ಖಾಡಿಗೆ ಹರಿಯಬೇಕು. ನಿಲ್ಲಲು ಜಾಗವೆಲ್ಲಿ? ಕೊಳದ ತುಂಬ ಹೂಳು, ಹೂಳಿನ ಮೇಲೆ ಕಾಂಡ್ಲ (ಮ್ಯಾಂಗ್ರೋವ್) ಗಿಡ. ಬಾಂಬೆ ಹೈಕೋರ್ಟಿನ 2018ರ ತೀರ್ಪು ಕಾಂಡ್ಲಕ್ಕೆ ಕಾವಲಿದೆ, ಹಾಗಾಗಿ ಮನಬಂದಂತೆ ಕಡಿಯಲಾಗದು. ಅಷ್ಟಕ್ಕೇ ‘ಈ ಗಿಡಗಳಿಂದಲೇ ಊರು ಮುಳುಗುತ್ತಿದೆ’ ಎಂಬ ರಾಗ ಶುರು! ಉಬ್ಬರವೂ ಒಂದಿಷ್ಟು ಹೂಳು ತರುತ್ತದೆ, ಸರಿ. ಗುಡ್ಡದಿಂದ ಇಳಿದು ಬಂದದ್ದನ್ನು ಯಾರ ಖಾತೆಗೆ ಬರೆದಿರಿ?

ಇನ್ನು ನಮ್ಮ ನಲ್ಲಿಗೆ ಬರುವುದು ಖಾಲಾಪುರದ ಮೋರ್ಬೆ ಅಣೆಕಟ್ಟಿನ ನೀರು, ಮಾಥೇರಾನ್ ಸೀಮೆಯ ಬೆಟ್ಟಕಾಡಿನ ಕೃಪೆ. ದೂರದ ಕಾಡು ಸೋಸಿ ಕೊಟ್ಟ ನೀರು ಬೇಕು, ಮನೆ ಹಿಂದಿನ ಕಾಡು ಬೇಡ. ಎಂಥ ನಾಚಿಕೆಗೇಡು!

ಸಿಡ್ಕೊ ಭವನ, ಸರ್ಕಾರಿ ಕಚೇರಿಗಳಿರುವ ಕೊಂಕಣ ಭವನ, ಮಹಾನಗರ ಪಾಲಿಕೆಯ ಕೇಂದ್ರ ಕಚೇರಿ, ಮೂರೂ ಬೇಲಾಪುರದಲ್ಲೇ ಇವೆ. ಗುಡ್ಡ ಕಣ್ಣಿಗೆ ಬೀಳಲಿಲ್ಲ ಎಂಬ ನೆಪ ಇಲ್ಲಿ ನಡೆಯದು. ‘ಆ ಜಾಗ ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಫೈಲು ದಾಟಿಸುವ ಆಟವೂ ಸಾಕು. ಅಕ್ರಮವಾಗಿ ಎದ್ದದ್ದನ್ನು ಕೆಡವಿ. ಇಳಿಜಾರಿಗೆ ಇನ್ನೊಂದು ಜೆಸಿಬಿ ಹತ್ತಕೂಡದು. ಫೋಟೊ ತೆಗೆದ ಮರುದಿನ ಒಣಗುವ ವನಮಹೋತ್ಸವ ಬೇಡ. ಈ ಮಣ್ಣಿನ ಮರಗಳೇ ಬೇರೂರಬೇಕು, ಬೇರೂರುವ ತನಕ ಅವಕ್ಕೆ ಕಾವಲಿರಬೇಕು. ಹೂಳೆತ್ತುವ ಬಿಲ್ಲನ್ನು ತೆರಿಗೆದಾರರ ತಲೆಗೆ ಕಟ್ಟದೆ ಗುಡ್ಡ ಕೊರೆದವರಿಂದ, ಕೊರೆಯಲು ಸಹಿ ಹಾಕಿದವರಿಂದ ವಸೂಲು ಮಾಡಿ. ಮೇಲೆ ಗುಡ್ಡ ಬೋಳಿಸುತ್ತ ಕೆಳಗೆ ವರ್ಷವರ್ಷವೂ ಹೂಳೆತ್ತುವುದು ಹಗಲುದರೋಡೆ. ಅದಕ್ಕೆ ಇನ್ನು ನಾವು ದುಡ್ಡು ಕಟ್ಟುವುದಿಲ್ಲ.