ಬೈಕು ಇಟಲಿಯದು, ರಿಪೇರಿ ಯಾರದು?

ಇಟಲಿಯ ಮೋಟಾರ್ ಸೈಕಲ್ಲುಗಳು ನೋಡಲು ಚೆಂದ, ಇಟ್ಟುಕೊಳ್ಳಲು ಕಷ್ಟ ಎಂಬ ಮಾತು ವಾಹನಪ್ರಿಯರಲ್ಲಿ ಬಹುಕಾಲದಿಂದ ಇದೆ. ಡುಕಾಟಿ, ಮೋಟೊ ಗುಜ್ಜಿ, ಅಪ್ರಿಲಿಯಾ ಮುಂತಾದ ಹೆಸರುಗಳು ಒಂದು ಕಾಲಕ್ಕೆ ನಮ್ಮಲ್ಲಿ ವಿದೇಶಿ ಪತ್ರಿಕೆಗಳ ಚಿತ್ರಗಳಲ್ಲಿ ಮಾತ್ರ ಕಾಣುತ್ತಿದ್ದವು. ಈಗ ಹಾಗಿಲ್ಲ. ಬೆಂಗಳೂರು–ಹೊನ್ನಾವರ ಹೆದ್ದಾರಿ ಹಾದುಹೋಗುವ ನಮ್ಮ ಆನಂದಪುರದ ಚಹಾದಂಗಡಿಯಲ್ಲಿ ಶನಿವಾರ ಕುಳಿತರೆ, ಜೋಗದ ಕಡೆಗೆ ಹೊರಟ ಯುವಕರ ತಂಡಗಳಲ್ಲಿ ಇಂತಹ ಒಂದೆರಡು ಬೈಕುಗಳು ಕಣ್ಣಿಗೆ ಬೀಳುತ್ತವೆ. ಡುಕಾಟಿಯಂತಹವು ಹತ್ತು ಲಕ್ಷ ರೂಪಾಯಿಯ ಆಸುಪಾಸಿನಿಂದ ಆರಂಭವಾಗಿ ಅದರ ಹಲವು ಪಟ್ಟಿನವರೆಗೆ ಹೋಗುತ್ತವೆ. ಕೊಳ್ಳುವವರ ದುಡ್ಡು, ಕೊಳ್ಳುವವರ ಇಷ್ಟ. ನನ್ನ ಆಸಕ್ತಿ ಇರುವುದು ಕೊಂಡ ನಂತರದ ಲೆಕ್ಕದಲ್ಲಿ. ಆ ಲೆಕ್ಕ ಶ್ರೀಮಂತರ ಹವ್ಯಾಸಕ್ಕಷ್ಟೇ ಸೀಮಿತವಲ್ಲ ಎಂಬ ಕಾರಣಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಇಟಲಿಯ ಯಂತ್ರ ಎಂದರೆ ನಂಬಿಕೆಗೆ ಅರ್ಹವಲ್ಲ ಎನ್ನುವುದಾದರೆ, ನಮ್ಮ ದೇಶದ ಅತ್ಯಂತ ನಂಬಿಕಸ್ಥ ವಾಹನವೊಂದರ ಕಥೆಯನ್ನು ಹೇಗೆ ವಿವರಿಸುವುದು? ವೆಸ್ಪಾ 1946ರಲ್ಲಿ ಇಟಲಿಯ ಪೊಂಟೆಡೆರಾದಲ್ಲಿ ಹುಟ್ಟಿದ ಸ್ಕೂಟರು. ಪಿಯಾಜಿಯೊ ಕಂಪನಿಯಿಂದ ಪರವಾನಗಿ ಪಡೆದು ಬಜಾಜ್ ಅದನ್ನು 1960ರ ದಶಕದಲ್ಲಿ ಇಲ್ಲಿ ತಯಾರಿಸಿತು. 1971ರಲ್ಲಿ ಆ ಒಪ್ಪಂದ ಮುಗಿಯಿತು. ಮರುವರ್ಷ ಅದೇ ವಿನ್ಯಾಸದ ಆಧಾರದ ಮೇಲೆ ಚೇತಕ್ ಬಂದಿತು. ಅದನ್ನು ಪಡೆಯಲು ಜನ ವರ್ಷಗಟ್ಟಲೆ ಸರದಿಯಲ್ಲಿ ಕಾದದ್ದು ನನ್ನ ವಯಸ್ಸಿನವರಿಗೆಲ್ಲ ನೆನಪಿರುತ್ತದೆ. ನನ್ನ ಸೇವಾವಧಿಯ ಬಹುಭಾಗವನ್ನು ನಾನು ಅಂಥದೊಂದು ಸ್ಕೂಟರಿನ ಮೇಲೆ ಕಳೆದೆ. ಮಳೆಗಾಲದ ಬೆಳಿಗ್ಗೆ ಅದನ್ನು ಒಂದು ಪಕ್ಕಕ್ಕೆ ವಾಲಿಸಿ, ನೇರ ಮಾಡಿ, ನಾಲ್ಕು ಬಾರಿ ಕಿಕ್ ಹೊಡೆಯಬೇಕಿತ್ತು. ಕೇಬಲ್ ತುಂಡಾಗುತ್ತಿತ್ತು, ಪ್ಲಗ್‌ಗೆ ಕರಿ ಹಿಡಿಯುತ್ತಿತ್ತು. ಅದು ಕೆಡದ ವಾಹನವಾಗಿರಲಿಲ್ಲ. ಆದರೆ ಕೆಟ್ಟಲ್ಲಿಯೇ ಸರಿಹೋಗುವ ವಾಹನವಾಗಿತ್ತು. ಹೊಸನಗರದಲ್ಲಾಗಲಿ ರಿಪ್ಪನ್‌ಪೇಟೆಯಲ್ಲಾಗಲಿ, ಕ್ಲಚ್ ಪ್ಲೇಟು ಬದಲಿಸಿ ಪಾಯಿಂಟ್ ಸರಿಮಾಡಿ ಕೊಡುವ ಒಬ್ಬ ಮೆಕ್ಯಾನಿಕ್ ಇದ್ದೇ ಇರುತ್ತಿದ್ದ. ಬಿಡಿಭಾಗ ಪಕ್ಕದ ಅಂಗಡಿಯಲ್ಲಿ ಸಿಗುತ್ತಿತ್ತು. ಆತ ಯಾವ ತರಬೇತಿ ಕೇಂದ್ರಕ್ಕೂ ಹೋದವನಲ್ಲ, ಬಿಚ್ಚಿ ಜೋಡಿಸಿ ಕಲಿತವನು.

(ಸರ್ಕಾರವೂ ಸುಮ್ಮನೆ ಕುಳಿತಿರಲಿಲ್ಲ. ಮಿಲಾನಿನ ಇನೊಚೆಂಟಿ ಕಂಪನಿಯಿಂದ ಲ್ಯಾಂಬ್ರೆಟಾ ಸ್ಕೂಟರಿನ ಕಾರ್ಖಾನೆಯನ್ನೇ ಕೊಂಡು, 1972ರಲ್ಲಿ ಸ್ಥಾಪನೆಯಾದ ಸ್ಕೂಟರ್ಸ್ ಇಂಡಿಯಾದ ಮೂಲಕ ಲಖನೌಗೆ ತಂದಿತು. ವಿಜಯ್ ಸೂಪರ್ ಬಂದದ್ದು ಹಾಗೆ. ಆ ಸಂಸ್ಥೆಯನ್ನು ಮುಚ್ಚುವ ತೀರ್ಮಾನ 2021ರಲ್ಲಿ ಆಯಿತು. ಅದು ಬೇರೆಯದೇ ಲೇಖನಕ್ಕೆ ವಸ್ತು.)

ಹಾಗಾಗಿ ಯಂತ್ರದ ವಿಶ್ವಾಸಾರ್ಹತೆಯನ್ನು ಯಂತ್ರದೊಳಗೆ ಮಾತ್ರ ಹುಡುಕುವುದು ಅರ್ಧ ಲೆಕ್ಕ. ಅದನ್ನು ಬಿಚ್ಚಬಲ್ಲ ಕೈ ಎಷ್ಟು ದೂರದಲ್ಲಿದೆ ಎಂಬುದು ಉಳಿದರ್ಧ.

ಈಗ ಆಧುನಿಕ ಇಟಲಿಯ ಬೈಕಿಗೆ ಬರೋಣ. ಡುಕಾಟಿಯ ಹೆಗ್ಗುರುತು ಅದರ ‘ಡೆಸ್ಮೊ’ ವ್ಯವಸ್ಥೆ. ಸಾಮಾನ್ಯ ಎಂಜಿನ್ನಿನಲ್ಲಿ ವಾಲ್ವ್ ತೆರೆಯಲು ಕ್ಯಾಮ್, ಮುಚ್ಚಲು ಸ್ಪ್ರಿಂಗ್ ಇರುತ್ತದೆ. ಐವತ್ತರ ದಶಕದ ಸ್ಪ್ರಿಂಗುಗಳು ರೇಸಿನ ವೇಗಕ್ಕೆ ಸರಿಸಮನಾಗಿ ಮುಚ್ಚಲಾರದೆ ಹೋದಾಗ, ಫ್ಯಾಬಿಯೊ ಟಾಲ್ಯೋನಿ ಎಂಬ ಎಂಜಿನಿಯರು ಮುಚ್ಚುವ ಕೆಲಸಕ್ಕೂ ಪ್ರತ್ಯೇಕ ತೋಳನ್ನು ಜೋಡಿಸಿದರು. 1968ರಲ್ಲಿ ಈ ವ್ಯವಸ್ಥೆ ರಸ್ತೆಯ ಬೈಕುಗಳಿಗೂ ಬಂದಿತು. ಅದ್ಭುತವಾದ ಕಲ್ಪನೆಯೇ ಸರಿ. ಆದರೆ ಪ್ರತಿ ವಾಲ್ವಿಗೆ ಒಂದರ ಬದಲು ಎರಡು ಅಂತರಗಳನ್ನು ಅಳೆದು ಸರಿಪಡಿಸಬೇಕು. ಸಿಲಿಂಡರಿಗೆ ನಾಲ್ಕು ವಾಲ್ವುಗಳಿರುವ ಎರಡು ಸಿಲಿಂಡರಿನ ಎಂಜಿನ್ನಿಗೆ ಹದಿನಾರು ಅಳತೆಗಳು. ಕಳೆದ ಎರಡು ದಶಕಗಳ ಹಲವು ಮಾದರಿಗಳಲ್ಲಿ 24,000 ಅಥವಾ 30,000 ಕಿ.ಮೀ.ಗೊಮ್ಮೆ ಇದನ್ನು ಮಾಡಿಸಬೇಕು. ಕೆಲಸಕ್ಕೆ ತಗಲುವ ಗಂಟೆಗಳು ಹೆಚ್ಚು, ಬಿಲ್ಲು ಏರುವುದು ಅಲ್ಲಿಯೇ. ಕಂಪನಿಗೂ ಇದು ಅರಿವಾಗದೆ ಇಲ್ಲ: 2020ರಲ್ಲಿ ಪ್ರಕಟವಾದ ಮಲ್ಟಿಸ್ಟ್ರಾಡಾ ವಿ4ಗೆ ಅದು ಸಾಮಾನ್ಯ ಸ್ಪ್ರಿಂಗುಗಳನ್ನೇ ಹಾಕಿ, ವಾಲ್ವ್ ತಪಾಸಣೆಯ ಅವಧಿಯನ್ನು 60,000 ಕಿ.ಮೀ.ಗೆ ಏರಿಸಿತು. ಇಟಲಿಯವರೆಲ್ಲ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಮೋಟೊ ಗುಜ್ಜಿಯ ಎರಡು ಸಿಲಿಂಡರುಗಳು ಬೈಕಿನ ಎರಡೂ ಪಕ್ಕಕ್ಕೆ ಚಾಚಿಕೊಂಡಿರುವುದರಿಂದ ಅದರ ಹಳೆಯ ಮಾದರಿಗಳ ವಾಲ್ವುಗಳನ್ನು ಮನೆಯಂಗಳದಲ್ಲಿ ಕುಳಿತೇ ಸರಿಪಡಿಸಬಹುದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕುತೂಹಲ ಹುಟ್ಟಿಸುವುದು ಇನ್ನೊಂದು ವೆಚ್ಚ: ಓಡಿಸಿದರೂ ಓಡಿಸದಿದ್ದರೂ ಕೊಡಬೇಕಾದ ವೆಚ್ಚ. ಇಂತಹ ಬೈಕುಗಳ ಸರ್ವಿಸ್ ಸಾಮಾನ್ಯವಾಗಿ ಇಷ್ಟು ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂಬ ಷರತ್ತಿನದು. ಅನೇಕ ಡುಕಾಟಿಗಳ ಟೈಮಿಂಗ್ ಬೆಲ್ಟು ರಬ್ಬರಿನದಾದ್ದರಿಂದ ನಿಂತಲ್ಲಿಯೇ ಅದಕ್ಕೆ ವಯಸ್ಸಾಗುತ್ತದೆ. ಹಳೆಯ ಮಾದರಿಗಳಲ್ಲಿ ಎರಡು ವರ್ಷಕ್ಕೆ, ಅನಂತರದವುಗಳಲ್ಲಿ ಐದು ವರ್ಷಕ್ಕೆ ಬದಲಿಸಬೇಕು. ಅದು ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ವರ್ಷಕ್ಕೆ ಮೂರು ಸಾವಿರ ಕಿ.ಮೀ. ಓಡಿಸುವ ವಾರಾಂತ್ಯದ ಸವಾರ, ಹನ್ನೆರಡು ಸಾವಿರ ಓಡಿಸುವವನಷ್ಟೇ ವಾರ್ಷಿಕ ಸರ್ವಿಸಿಗೆ ತೆರುತ್ತಾನೆ. ಅಂದರೆ ಕಿಲೋಮೀಟರಿಗೆ ನಾಲ್ಕು ಪಟ್ಟು. ಕಡಿಮೆ ಬಳಸಿದರೆ ಖರ್ಚು ಕಡಿಮೆ ಎಂಬ ಗೃಹಸ್ಥರ ಸಾಮಾನ್ಯ ತಿಳಿವಳಿಕೆ ಇಲ್ಲಿ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೈಕನ್ನು ಹೊರಗೆ ತೆಗೆಯಲು ಯೋಚಿಸಬೇಕಾದ ಮಲೆನಾಡಿನಲ್ಲಂತೂ ಈ ಲೆಕ್ಕ ಇನ್ನೂ ವಕ್ರವಾಗುತ್ತದೆ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ಅವನ ಬಳಿ ಇಟಲಿಯ ಕಂಪನಿಯೊಂದರ ಬೈಕಿದೆ. ಕೆಲಸದ ಮೇಲೆ ವಿದೇಶಕ್ಕೆ ಹೋಗುವಾಗ ಅದನ್ನು ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಬಿಟ್ಟಿದ್ದ. ಎರಡು ತಿಂಗಳ ಮಳೆ ಕಳೆದು ಅವನು ಬಂದಾಗ ಅದು ಸ್ಟಾರ್ಟ್ ಆಗಲಿಲ್ಲ. ಊರಿನ ಮೆಕ್ಯಾನಿಕ್ ಬಂದು ನೋಡಿದ. ಬ್ಯಾಟರಿ ಸತ್ತಿತ್ತು, ಇಲಿ ಒಂದು ವಯರನ್ನು ಕಡಿದಿತ್ತು. ಎರಡನ್ನೂ ಆತ ಅರ್ಧ ದಿನದಲ್ಲಿ ಸರಿಮಾಡಿದ. ಆದರೂ ಮೀಟರಿನ ಪರದೆಯ ಮೇಲೆ ಎಚ್ಚರಿಕೆಯ ದೀಪ ಆರಲಿಲ್ಲ, ಎಂಜಿನ್ ಹಿಡಿತಕ್ಕೆ ಬರಲಿಲ್ಲ. ದೋಷ ಯಾವುದೆಂದು ಓದಲು ಆ ಕಂಪನಿಯ ಸ್ಕ್ಯಾನರೇ ಬೇಕು, ಅದು ಅಧಿಕೃತ ಕೇಂದ್ರದ ಹೊರಗೆ ಸಿಗುವುದಿಲ್ಲ. “ಎಲ್ಲಿ ತೊಂದರೆ ಅಂತ ಗಾಡಿಗೆ ಗೊತ್ತು ಸಾರ್, ನನಗೆ ಹೇಳಲ್ಲ ಅಷ್ಟೆ” ಎಂದು ಆತ ಕೈ ಒರೆಸಿಕೊಂಡ. ಬೈಕು ಪಿಕಪ್ ವ್ಯಾನಿನಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೆ ಪಯಣಿಸಿತು. ಅಲ್ಲಿ ಅದು ಹೊಸ ಬಿಡಿಭಾಗವನ್ನೇನೂ ಬೇಡಲಿಲ್ಲ. ಕಂಪ್ಯೂಟರಿಗೆ ಜೋಡಿಸಿ, ದಾಖಲಾಗಿದ್ದ ದೋಷವನ್ನು ಅಳಿಸಿ, ಹೊಂದಿಸಿಕೊಟ್ಟರು. ವ್ಯಾನಿನ ಬಾಡಿಗೆಯ ಮುಂದೆ ಊರಿನ ಮೆಕ್ಯಾನಿಕ್ ಪಡೆದ ಕೂಲಿ ಏನೇನೂ ಅಲ್ಲ.

ಕಂಪನಿ ಮತ್ತು ಮಾಲೀಕನ ನಡುವಿನ ಏಕೈಕ ಕೊಂಡಿ ಕಳಚಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಇಟಲಿಯ ಹೆಸರಿನ, ಈಗ ಚೀನಾದ ಒಡೆತನದಲ್ಲಿರುವ ಬೆನೆಲ್ಲಿ ಬೈಕುಗಳನ್ನು ನಮ್ಮಲ್ಲಿ ಮಾರುತ್ತಿದ್ದುದು ಪುಣೆಯ ಡಿಎಸ್‌ಕೆ ಸಮೂಹ. ಆ ಸಮೂಹ ಆರ್ಥಿಕ ಸಂಕಷ್ಟಕ್ಕೆ ಸಿಲುಕಿದ ಮೇಲೆ, 2018ರಲ್ಲಿ ಹೈದರಾಬಾದಿನ ಮತ್ತೊಂದು ಸಂಸ್ಥೆ ಮಾರಾಟದ ಹೊಣೆ ಹೊತ್ತಿತು. ಇಂತಹ ನಡುಗಾಲದಲ್ಲಿ ಬೈಕು ಕೊಂಡವನ ಪಾಡೇನು? ಮೆಕ್ಯಾನಿಕ್ಕನ ಕೈಯಲ್ಲಿ ಸರ್ವಿಸ್ ಮ್ಯಾನ್ಯುಯಲ್ಲೂ ಬಿಡಿಭಾಗವೂ ಇದ್ದಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ.

ಹಳೆಯ ಬೈಕಿನ ಮಾರುಕಟ್ಟೆಯಲ್ಲಿ ಈ ಕಟ್ಟು ಇನ್ನಷ್ಟು ಬಿಗಿಯಾಗುತ್ತದೆ. ಜಾರ್ಜ್ ಅಕರ್‌ಲಾಫ್ 1970ರಲ್ಲಿ ಬರೆದ ಪ್ರಸಿದ್ಧ ಪ್ರಬಂಧ ಹಳೆಯ ಕಾರುಗಳ ಉದಾಹರಣೆಯಿಂದಲೇ ಹೊರಟಿತು: ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರದಿದ್ದರೆ ಒಳ್ಳೆಯ ವಾಹನಕ್ಕೂ ಒಳ್ಳೆಯ ಬೆಲೆ ಸಿಗದು. ಬೆಲ್ಟು ಬದಲಾಗಿದೆಯೇ, ವಾಲ್ವ್ ನೋಡಿಸಿದ್ದಾರೆಯೇ ಎಂಬುದನ್ನು ಹೊರಗಿನಿಂದ ತಿಳಿಯಲಾಗದ ಖರೀದಿದಾರ ಕಂಪನಿಯ ಸರ್ವಿಸ್ ದಾಖಲೆಯನ್ನೇ ಕೇಳುತ್ತಾನೆ. ಆಗ ಹೊರಗೆ ಸಮರ್ಥ ಮೆಕ್ಯಾನಿಕ್ ಸಿಕ್ಕರೂ ಮಾಲೀಕ ಅವನ ಬಳಿ ಹೋಗಲು ಹಿಂಜರಿಯುತ್ತಾನೆ. ಏಕಸ್ವಾಮ್ಯ ತನ್ನನ್ನು ತಾನೇ ಪೋಷಿಸಿಕೊಳ್ಳುವ ಬಗೆ ಇದು.

ಇದರಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವ ಸಂಗತಿ ಬೇರೆ. ಐರೋಪ್ಯ ಒಕ್ಕೂಟದ 2013ರ 168ನೇ ನಿಯಮಾವಳಿ ದ್ವಿಚಕ್ರ ವಾಹನ ತಯಾರಕರಿಗೂ ಅನ್ವಯಿಸುತ್ತದೆ. ರಿಪೇರಿ ಮತ್ತು ನಿರ್ವಹಣೆಯ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ತಾರತಮ್ಯವಿಲ್ಲದೆ ಒದಗಿಸಬೇಕೆಂದು ಅದು ಹೇಳುತ್ತದೆ. ಅದಕ್ಕೆ ನ್ಯಾಯವಾದ ಶುಲ್ಕ ಪಡೆಯಬಹುದು. ಅಂದರೆ ಬೊಲೊನ್ಯಾದ ಬೀದಿಬದಿಯ ಮೆಕ್ಯಾನಿಕ್‌ಗೆ ಕಾನೂನು ಕೊಟ್ಟಿರುವ ಹಕ್ಕು, ಅದೇ ಬೈಕಿನ ವಿಷಯದಲ್ಲಿ ಸಾಗರದ ಮೆಕ್ಯಾನಿಕ್‌ಗೆ ಇಲ್ಲ. ನಮ್ಮ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ ಬಿಡಿಭಾಗ ಮತ್ತು ತಪಾಸಣಾ ಸಾಧನಗಳನ್ನು ಹೊರಗಿನವರಿಗೆ ಸಿಗದಂತೆ ಮಾಡಿದ್ದಕ್ಕಾಗಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ದಿಟ್ಟ ಆದೇಶ. ಪ್ರಕರಣ ಅನಂತರ ಮೇಲ್ಮನವಿಗಳ ಹಾದಿ ಹಿಡಿಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕು’ ಕುರಿತು ಸಮಿತಿ ರಚಿಸಿ, ಡಿಸೆಂಬರ್‌ನಲ್ಲಿ ಒಂದು ಜಾಲತಾಣ ತೆರೆಯಿತು. ವಾಹನ ಕ್ಷೇತ್ರವೂ ಅದರ ವ್ಯಾಪ್ತಿಯಲ್ಲಿದೆ. ಆದರೆ ಜಾಲತಾಣ ಕಾನೂನಲ್ಲ. ಸರ್ಕಾರಿ ಕಡತಗಳ ನಡುವೆ ಬದುಕಿದವನಿಗೆ ಇವೆರಡರ ನಡುವಿನ ದೂರ ಚೆನ್ನಾಗಿ ಗೊತ್ತು.

ಹತ್ತು ಲಕ್ಷದ ಬೈಕು ಕೊಂಡವರು ಹೇಗೋ ನಿಭಾಯಿಸಿಕೊಳ್ಳುತ್ತಾರೆ, ಅವರಿಗಾಗಿ ಕಾನೂನೇಕೆ ಎಂದು ಕೇಳುವವರಿದ್ದಾರೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಯಾದ ಮೇಲೆ ಕಾರ್ಬ್ಯುರೇಟರ್ ಬಹುಮಟ್ಟಿಗೆ ಇತಿಹಾಸವಾಯಿತು. ಹಾಲು ಹಾಕಲು ಹೋಗುವ ರೈತನ ಸಣ್ಣ ಬೈಕಿನಲ್ಲಿಯೂ ಈಗ ಇಂಧನವನ್ನು ಅಳೆದು ಕೊಡುವುದು ಒಂದು ಪುಟ್ಟ ಕಂಪ್ಯೂಟರು. ವಿದ್ಯುತ್ ಸ್ಕೂಟರುಗಳಂತೂ ಅರ್ಧ ಸಾಫ್ಟ್‌ವೇರ್. ಇಟಲಿಯ ಬೈಕಿನ ಮುಂದೆ ನಮ್ಮೂರಿನ ಮೆಕ್ಯಾನಿಕ್ ಇಂದು ನಿಂತ ರೀತಿಯಲ್ಲೇ ನಾಳೆ ಆ ರೈತನ ಬೈಕಿನ ಮುಂದೆಯೂ ನಿಲ್ಲಬೇಕಾಗುತ್ತದೆ. ಆಗ ಹೋಗುವುದು ಅವನ ಜೀವನೋಪಾಯ ಮಾತ್ರವಲ್ಲ; ರೈತನ ಒಂದು ದಿನದ ಕೂಲಿಯೂ ಶಿವಮೊಗ್ಗದ ಬಸ್ಸಿನ ಖರ್ಚೂ ಅದಕ್ಕೆ ಸೇರುತ್ತವೆ.

ಎಬಿಎಸ್‌ನಂತಹ ವ್ಯವಸ್ಥೆಗಳನ್ನು ಅರೆಬರೆ ಬಲ್ಲವರು ಮುಟ್ಟಿದರೆ ಸವಾರನ ಪ್ರಾಣಕ್ಕೇ ಅಪಾಯ ಎಂದು ಕಂಪನಿಗಳು ಹೇಳುತ್ತವೆ. ಈ ವಾದವನ್ನು ತಳ್ಳಿಹಾಕಲಾಗದು. ಆದರೆ ಅದಕ್ಕೆ ಉತ್ತರ ತರಬೇತಿ, ಮಾಹಿತಿಯನ್ನು ಬಚ್ಚಿಡುವುದಲ್ಲ. ನಮ್ಮ ಐಟಿಐಗಳಲ್ಲಿ ವಾಹನ ದುರಸ್ತಿಯ ತರಗತಿಗಳು ನಡೆಯುತ್ತಲೇ ಇವೆ. ಅಲ್ಲಿಂದ ಹೊರಬಂದ ಹುಡುಗನಿಗೆ ಸ್ಕ್ಯಾನರನ್ನು ಕೊಳ್ಳುವ ಹಕ್ಕೇ ಇಲ್ಲದಿದ್ದರೆ ಆ ಪ್ರಮಾಣಪತ್ರದಿಂದ ಏನು ಪ್ರಯೋಜನ?

2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕುಗಳ ಮೇಲೆ ಜಿಎಸ್‌ಟಿ ಶೇ 40. ಲಕ್ಷ ರೂಪಾಯಿ ಮೀರಿದ ದ್ವಿಚಕ್ರ ವಾಹನಕ್ಕೆ ನಮ್ಮ ರಾಜ್ಯ ಶೇ 18ರ ಜೀವಿತಾವಧಿ ತೆರಿಗೆ ಪಡೆಯುತ್ತದೆ. ವಾಹನದ ಜೀವಿತಾವಧಿಗೆಂದೇ ತೆರಿಗೆ ಪಡೆದ ಮೇಲೆ ಆ ಅವಧಿಯಲ್ಲಿ ಅದು ಎಲ್ಲಿ, ಯಾರಿಂದ ದುರಸ್ತಿಯಾಗುತ್ತದೆ ಎಂದು ಕೇಳುವುದು ಸರ್ಕಾರದ ಕರ್ತವ್ಯ. ಇದಕ್ಕೆ ಹೊಸ ಇಲಾಖೆ ಬೇಕಿಲ್ಲ, ಹೊಸ ಹುದ್ದೆಯೂ ಬೇಕಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ಪ್ರತಿ ಹೊಸ ಮಾದರಿಯೂ ಮಾರಾಟಕ್ಕೆ ಮುನ್ನ ಪರೀಕ್ಷೆಗೆ ಒಳಗಾಗಿ ಅನುಮೋದನೆ ಪಡೆಯಬೇಕು. ಸರ್ವಿಸ್ ಮ್ಯಾನ್ಯುಯಲ್, ದೋಷಸೂಚಿಗಳ ಪಟ್ಟಿ ಮತ್ತು ಸ್ಕ್ಯಾನರ್ ನ್ಯಾಯವಾದ ಬೆಲೆಗೆ ಯಾವ ನೋಂದಾಯಿತ ಗ್ಯಾರೇಜಿಗಾದರೂ ಸಿಗಬೇಕೆಂಬ ಷರತ್ತನ್ನು ಆ ಅನುಮೋದನೆಯ ಜೊತೆಗೇ ಸೇರಿಸಬಹುದು. ಯುರೋಪಿನಲ್ಲಿ ಈ ಷರತ್ತಿಗೆ ಒಪ್ಪಿಯೇ ಬೈಕು ಮಾರುತ್ತಿರುವ ಕಂಪನಿಗಳಿಗೆ ಇಲ್ಲಿ ಒಪ್ಪಲು ತಾಂತ್ರಿಕ ಅಡ್ಡಿ ಏನಿದೆ ಎಂಬುದನ್ನು ಅವೇ ಹೇಳಲಿ.